ಉಳಿ ಇದೆ, ಕೈ ಇದೆ... ಮರ ಎಲ್ಲಿ? ಶಿರಸಿ ಸೀಮೆಯ ಗುಡಿಗಾರರ ಕಥೆ

ಶಿರಸಿ: ಮದುವೆ ದಿನಗಳು ಬಂತೆಂದರೆ ಇಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಒಂದು ನೋಟ ಕಣ್ಣಿಗೆ ಬೀಳದೆ ಇರದು. ಯಲ್ಲಾಪುರದ ಬಸ್ಸಿಗೋ ಸಿದ್ದಾಪುರದ ಬಸ್ಸಿಗೋ ಕಾದು ನಿಂತವರ ಗುಂಪಿನಲ್ಲಿ ಒಬ್ಬರು ರಟ್ಟಿನ ಡಬ್ಬಿಯೊಂದನ್ನು ಹಸುಗೂಸಿನ ಹಾಗೆ ಎದೆಗೆ ಒತ್ತಿ ಹಿಡಿದುಕೊಂಡಿರುತ್ತಾರೆ. ಸೀಟು ಸಿಕ್ಕರೂ ಅದನ್ನು ಕೆಳಗಿಡುವುದಿಲ್ಲ. ಮೇಲೆ ಸಾಮಾನಿನ ಹಲಗೆಯ ಮೇಲಂತೂ ಇಡುವ ಮಾತೇ ಇಲ್ಲ. "ಸ್ವಲ್ಪ ನೋಡ್ಕಂಡು ಮಾರಾಯ್ರೆ, ಬಾಸಿಂಗ ಇದೆ!" ಅಂದರೆ ಸಾಕು, ಎಂಥ ನೂಕುನುಗ್ಗಲಿನಲ್ಲೂ ಜನ ಒತ್ತಿ ಕೂತು ಜಾಗ ಮಾಡಿಕೊಡುತ್ತಾರೆ.

ಒಳಗಿರುವುದು ಬಿಳಿ ಬೆಂಡಿನ ಕೆಲಸ. ಹೂವಿನ ಎಸಳು, ಬಳ್ಳಿಯ ಸುರುಳಿ, ಅಂಚಿಗೆ ಬಣ್ಣ, ನಡುವೆ ಮಿಂಚುವ ಬೇಗಡೆ. ಕೈಗೆತ್ತಿಕೊಂಡರೆ ತೂಕವೇ ಇಲ್ಲ. ಮುಹೂರ್ತದ ಹೊತ್ತಿಗೆ ಹಣೆಗೆ ಕಟ್ಟಿ, ಊಟದ ಹೊತ್ತಿಗೆ ಬಿಚ್ಚಿಡುವ ವಸ್ತು. ಆದರೆ ಅದನ್ನು ಮಾಡಿದ ಕೈ ಸಾಮಾನ್ಯದ್ದಲ್ಲ. ಗಂಧದ ಕೊರಡಿನಲ್ಲಿ ಬೆರಳುದ್ದದ ಕೃಷ್ಣನನ್ನು ಬಿಡಿಸಿ, ಅವನ ಕೊಳಲಿಗೆ ತೂತನ್ನೂ ತೋರಿಸುವ ಕೈ ಅದು. ಅವರೇ ಗುಡಿಗಾರರು.

"ಗುಡಿಗಾರರ ಕಲೆ ಸಾಯ್ತಾ ಇದೆ" ಎಂಬ ಮಾತು ಇಂದು ನಿನ್ನೆಯದಲ್ಲ. ಸಭೆಗಳಲ್ಲಿ, ಉದ್ಘಾಟನೆಗಳಲ್ಲಿ, ಹಾರ ತುರಾಯಿಗಳ ನಡುವೆ ಎಷ್ಟೋ ವರ್ಷಗಳಿಂದ ಕೇಳಿಬರುತ್ತಿದೆ. ಕಲಿಯುವವರಿಲ್ಲ, ಹುಡುಗರೆಲ್ಲ ಬೆಂಗಳೂರಿಗೆ ಹೋದರು ಅಂತ ಒಂದು ನಿಟ್ಟುಸಿರು. ಅದರಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಪೂರ್ತಿ ಸತ್ಯ ಬೇರೆಯೇ ಇದೆ. ಕೈ ಇನ್ನೂ ಇದೆ. ಉಳಿಯೂ ಇದೆ. ಮೊದಲು ಕೈಬಿಟ್ಟು ಹೋದದ್ದು ಮರ!

ಗೋವೆಯಿಂದ ಬಂದವರು?

ಗುಡಿಯ ಕೆಲಸ ಮಾಡುವವರು ಗುಡಿಗಾರರು ಎಂದು ಹೆಸರಿನ ಅರ್ಥ ಹೇಳುವುದುಂಟು. ಪೋರ್ತುಗೀಜರ ಕಾಲದಲ್ಲಿ ಮತಾಂತರದ ಕಾಟಕ್ಕೆ ಹೆದರಿ ಗೋವೆ ಬಿಟ್ಟು ಘಟ್ಟದ ಕಡೆ ಬಂದವರು ಎಂಬುದು ತಲೆಮಾರಿನಿಂದ ಹೇಳಿಕೊಂಡು ಬಂದ ಮಾತು. ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ, ಇತ್ತ ಸಾಗರ, ಸೊರಬ. ಒಂದೇ ಕಸಬು, ಒಂದೇ ಹೆಸರು, ಊರು ಮಾತ್ರ ಹತ್ತಾರು.

ಇಲ್ಲೊಂದು ಮೋಜಿನ ಸಂಗತಿ ಇದೆ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸಿನ ಕೈಯಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. ಸಾಗರ, ಸೊರಬ ಮೈಸೂರು ಸೀಮೆಯಲ್ಲೇ ಉಳಿದವು. ಸಿದ್ದಾಪುರದ ಗುಡಿಗಾರ ಮುಂಬಯಿ ಸರಕಾರದ ಪ್ರಜೆ, ಪಕ್ಕದ ಸಾಗರದಲ್ಲಿರುವ ಅವನ ಭಾವ ಮೈಸೂರಿನ ಪ್ರಜೆ! 1956ರ ನವೆಂಬರ್ 1ರಂದು ಏಕೀಕರಣವಾಗುವ ತನಕ ಸುಮಾರು ತೊಂಬತ್ತು ವರ್ಷ ಇದೇ ಕಥೆ. ಹಾಗಾಗಿ ಇವರ ಸುದ್ದಿ ಎರಡು ಸರಕಾರಗಳ ಕಡತದಲ್ಲಿ ಸಿಗುತ್ತದೆ. 1883ರಲ್ಲಿ ಅಚ್ಚಾದ ಮುಂಬಯಿ ಪ್ರಾಂತದ ಕೆನರಾ ಗೆಜೆಟಿಯರಿನಲ್ಲಿ ಗುಡಿಗಾರರ ಪ್ರಸ್ತಾಪವಿದೆ. ಲೂಯಿಸ್ ರೈಸ್ ಸಾಹೇಬರ ಮೈಸೂರು ಗೆಜೆಟಿಯರಿನಲ್ಲಿ ಸೊರಬ, ಸಾಗರದ ಗುಡಿಗಾರರ ಗಂಧದ ಕೆತ್ತನೆಯ ಮಾತಿದೆ. ಪೇಟೆಯಲ್ಲಿ 'ಮೈಸೂರು ಗಂಧದ ಕೆತ್ತನೆ' ಅಂತ ಹೆಸರು ಪಡೆದ ಮಾಲಿನಲ್ಲಿ ಎಷ್ಟೋ ಪಾಲು ಮೈಸೂರು ನಗರದ್ದಲ್ಲ, ಈ ಮಲೆನಾಡಿನ ಜಗಲಿಗಳದ್ದು.

ಆಗ ಮಾಡುತ್ತಿದ್ದುದು ಏನು? ಆಭರಣದ ಪೆಟ್ಟಿಗೆ, ಬೀಸಣಿಗೆ, ಊರುಗೋಲು, ಪಟದ ಚೌಕಟ್ಟು, ದೊಡ್ಡವರಿಗೆ ಬಿನ್ನವತ್ತಳೆ ಕೊಡುವ ಕರಂಡಕ. ಎಲೆ, ಬಳ್ಳಿ, ಹೂವಿನ ಸುರುಳಿಗಳ ನಡುವೆ ದೇವರು, ಆನೆ, ಸಿಂಹ. ಅಂಗುಲ ಜಾಗವನ್ನೂ ಖಾಲಿ ಬಿಡದ ಕೆಲಸ.

ಒಂದು ಪೆಟ್ಟು ತಪ್ಪಿದರೆ...

ಗಂಧದ ಕೆತ್ತನೆ ಅಂದರೆ ಬಡಗಿ ಕೆಲಸದ ಹಾಗೆ ಅಳತೆ ತೆಗೆದು ಕೊಯ್ದು ಜೋಡಿಸುವುದಲ್ಲ. ಮೊದಲು ಮೇಲಿನ ಬಿಳಿ ಮರ ತೆಗೆಯಬೇಕು. ಅದಕ್ಕೆ ಪರಿಮಳವಿಲ್ಲ. ಒಳಗಿನ ಕಂದು ಬಣ್ಣದ ಕಾಚೇ ನಿಜವಾದ ಗಂಧ. ಆ ಕಾಚು ಬಲಿಯಲು ಹದಿನೈದು ಇಪ್ಪತ್ತು ವರ್ಷವಾದರೂ ಬೇಕು, ಒಳ್ಳೆಯ ದಪ್ಪ ಕೊರಡಾಗಲು ಇನ್ನೂ ಹೆಚ್ಚು. ಎಳೆ ಬಲು ಒತ್ತು, ಜೊತೆಗೆ ಎಣ್ಣೆಯ ಅಂಶ. ಅದಕ್ಕೇ ಉಳಿ ಹೇಳಿದ ಹಾಗೆ ಕೇಳುತ್ತದೆ. ಬೇರೆ ಮರದಲ್ಲಿ ಸಿಬಿರು ಏಳುವ ಜಾಗದಲ್ಲಿ ಇಲ್ಲಿ ಕೂದಲೆಳೆಯ ಗೆರೆ ನಿಲ್ಲುತ್ತದೆ.

ಗುಡಿಗಾರನ ಪೆಟ್ಟಿಗೆಯಲ್ಲಿ ಉಳಿ ಒಂದೆರಡಲ್ಲ. ಅಗಲದ್ದು, ಮೊನೆಯದ್ದು, ಬಾಗಿದ್ದು, ಸೂಜಿಯಂಥದ್ದು. ನಕ್ಷೆ ಬರೆದು, ಹೊರಗಿನ ಮರ ತೆಗೆದು, ಮೈ ಬಿಡಿಸಿ, ಕೊನೆಗೆ ಕಣ್ಣು ಮೂಗು. ನಯ ಮಾಡಲು ಈಗ ಪಾಲಿಶ್ ಕಾಗದ ಬಂದಿದೆ. ಮಲೆನಾಡಿನಲ್ಲಿ ಹಿಂದೆ ಇದಕ್ಕೆ ಖರಗಸದ ಎಲೆ ಇತ್ತು, ಮುಟ್ಟಿದರೆ ಬೆಕ್ಕಿನ ನಾಲಗೆಯ ಹಾಗೆ ಒರಟು. ಉದುರಿದ ಪುಡಿಯೂ ದುಡ್ಡೇ. ಎಣ್ಣೆಗೆ, ಊದುಬತ್ತಿಗೆ ಹೋಗುತ್ತದೆ. ಕಸ ಗುಡಿಸಿ ಹೊರಗೆ ಚೆಲ್ಲದ ಕಸಬು ಇದೊಂದೇ ಇರಬೇಕು!

ಕೈಯಿಂದಲೇ ಮೂರ್ತಿ ಮಾಡುವ ಬೇರೆ ಕಲೆಗಳಿಗೂ ಇದಕ್ಕೂ ಇಲ್ಲೇ ವ್ಯತ್ಯಾಸ. ಉತ್ತರ ಪ್ರದೇಶದ ಫಿರೋಜಾಬಾದಿನಲ್ಲಿ ಗಾಜು ಕರಗಿಸಿ ಬಳೆ ಮಾಡುತ್ತಾರೆ, ಕೊಳವೆಯಿಂದ ಊದಿ ದೀಪದ ಬುರುಡೆ ಮಾಡುತ್ತಾರೆ. ಊದಿದ ಗಾಜಿನಲ್ಲೇ ಶಿಲ್ಪ ಮಾಡುವ ಕಲಾವಿದರು ಇವತ್ತು ದೇಶ ವಿದೇಶಗಳಲ್ಲಿದ್ದಾರೆ. ಅಲ್ಲಿ ಕೆಲಸ ಕೆಟ್ಟರೆ ಚೂರು ಮತ್ತೆ ಕುಲುಮೆಗೆ ಹೋಗುತ್ತದೆ, ನಾಳೆ ಬೇರೆ ರೂಪ ತಾಳುತ್ತದೆ. ಮಣ್ಣಿನ ಗಣಪತಿಯ ಸೊಂಡಿಲು ಮುರಿದರೆ ನೀರು ಹಾಕಿ ಕಲಸಬಹುದು. ಗಂಧದಲ್ಲಿ ಅದಾಗದು. ಮೂಗಿನ ತುದಿ ಹಾರಿತೆಂದರೆ ಹಾರಿತು. ಇಪ್ಪತ್ತು ಮೂವತ್ತು ವರ್ಷದ ಮರ, ತಿಂಗಳುಗಟ್ಟಲೆಯ ದುಡಿಮೆ, ಒಂದು ಪೆಟ್ಟಿಗೆ ಮುಗಿಯಿತು. ಹಾಗಾಗಿ ಕಲಿಯುವ ಹುಡುಗನ ಕೈಗೆ ಗಂಧ ಕೊಡುವುದು ಹೇಗೆ? ಮೊದಲು ತಪ್ಪು ಮಾಡಲು ಅವನಿಗೆ ಮರ ಬೇಕು. ತಪ್ಪು ಮಾಡುವಷ್ಟು ಅಗ್ಗದ ಗಂಧ ಎಲ್ಲಿಂದ ತರುವುದು? ಕಸಬಿನ ನಿಜವಾದ ಗಂಟು ಇರುವುದು ಇಲ್ಲಿ.

ಹಿತ್ತಲ ಗಿಡ, ಸರಕಾರದ ಮರ

ಗಂಧದ ಮರಕ್ಕೆ ಸರಕಾರದ ಹಕ್ಕು ಬಿದ್ದದ್ದು ಬಹಳ ಹಿಂದೆ. 1792ರಲ್ಲಿ ಟಿಪ್ಪು ಸುಲ್ತಾನ್ ಇದನ್ನು ರಾಜವೃಕ್ಷವೆಂದು ಸಾರಿದ. ಅವನು ಹೋದ ಮೇಲೂ ಮರ ಮಾತ್ರ ದೊರೆಯದ್ದೇ ಆಗಿ ಉಳಿಯಿತು. ಮುಂದೆ ಮೈಸೂರಿನಲ್ಲಿ 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಬಂತು, ಸಾಬೂನು ಬಂತು. ಎಣ್ಣೆಯ ಗಾಣದ ಹಸಿವಿನ ಮುಂದೆ ಗುಡಿಗಾರನ ಉಳಿಯ ಹಸಿವು ಎಷ್ಟರದು?

ನಮ್ಮ ಹಿತ್ತಲಲ್ಲಿ ತಾನೇ ತಾನಾಗಿ ಹುಟ್ಟಿದರೂ ಮರ ನಮ್ಮದಲ್ಲ. ಹೀಗಿತ್ತು ಕಾಯಿದೆ. ಮರ ಸರಕಾರದ್ದು, ಕಾಯುವ ಜವಾಬ್ದಾರಿ ಮನೆಯವನದು. ರಾತ್ರಿ ಕಳ್ಳ ಕಡಿದುಕೊಂಡು ಹೋದರೆ ಬೆಳಿಗ್ಗೆ ಉತ್ತರ ಹೇಳಬೇಕಾದವನೂ ಮನೆಯವನೇ. "ಯಾರಿಗೆ ಬೇಕು ಈ ಉಸಾಬರಿ?" ಅಂತ ಸಸಿ ಇರುವಾಗಲೇ ಕಿತ್ತು ಎಸೆದ ಹಿತ್ತಲುಗಳು ಕಡಿಮೆಯೇ? ಕಾಡಿನಲ್ಲಿದ್ದದ್ದು ಕಳ್ಳಸಾಗಣೆಯವರ ಪಾಲು. ವೀರಪ್ಪನ್ 2004ರಲ್ಲಿ ಸತ್ತ. ಅಷ್ಟರಲ್ಲಿ ತೆಂಕಣ ಕಾಡುಗಳ ದೊಡ್ಡ ಗಂಧದ ಮರಗಳೂ ಬಹಳಷ್ಟು ಸತ್ತಿದ್ದವು. ಇವತ್ತು ಅಳಿವಿನ ಭೀತಿ ಇರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಶ್ರೀಗಂಧದ ಹೆಸರೂ ಇದೆ.

2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿ ಬಂತು. ಜಮೀನಿನಲ್ಲಿರುವ ಗಂಧದ ಮರ ಜಮೀನಿನವನದೇ ಎಂದಾಯಿತು. ಒಳ್ಳೆಯದೇ. ಆದರೆ ಕಡಿಯಲು, ಸಾಗಿಸಲು ಇಲಾಖೆಯ ಅಪ್ಪಣೆ ಬೇಕೇ ಬೇಕು. ಕಳ್ಳನ ಭಯವಂತೂ ಕಾಯಿದೆಯಿಂದ ಹೋಗುವುದಲ್ಲ. ಮರ ಹುಟ್ಟಿ ಬಲಿಯುವ ಲೆಕ್ಕ ಹಾಕಿ ನೋಡಿ. 2001ರ ನಂತರ ಧೈರ್ಯ ಮಾಡಿ ನೆಟ್ಟ ಗಿಡ ಈಗಷ್ಟೇ ಉಳಿಗೆ ಒದಗುವ ವಯಸ್ಸಿಗೆ ಬರುತ್ತಿದೆ. ನಡುವಿನ ಒಂದು ತಲೆಮಾರು ಖಾಲಿ ಕೈಯಲ್ಲಿ ಕೂತಿತು.

ಗಂಧದ ಜೊತೆಗೇ ಇನ್ನೊಂದು ಮಾಲೂ ಹೋಯಿತು. ಆನೆಯ ದಂತ. ಅದಕ್ಕೆ ಯಾರೂ ಅಳಬೇಕಾಗಿಲ್ಲ. 1986ರ ತಿದ್ದುಪಡಿಯಲ್ಲಿ ಭಾರತದ ಆನೆಯ ದಂತದ ವ್ಯಾಪಾರ ನಿಂತಿತು, 1991ರಲ್ಲಿ ಹೊರದೇಶದ ದಂತದ್ದೂ ನಿಂತಿತು. ಆನೆ ಉಳಿಯಬೇಕಾದರೆ ಬೇರೆ ದಾರಿ ಇರಲಿಲ್ಲ. ಗುಡಿಗಾರರೂ ದಂತ ಬಿಟ್ಟು ಮರಕ್ಕೆ ತಿರುಗಿದರು. ಆದರೆ ಮರವೂ ಕೈಗೆ ಸಿಗದಿದ್ದರೆ ತಿರುಗುವುದು ಎತ್ತ?

ತಿರುಗಿದ್ದು ಸಾಗವಾನಿಯತ್ತ, ಶಿವಣೆಯತ್ತ, ಹಲಸಿನತ್ತ. ದೇವಸ್ಥಾನದ ಬಾಗಿಲು, ಪಲ್ಲಕ್ಕಿ, ಪ್ರಭಾವಳಿ, ಮನೆಯ ದೇವರ ಮಂಟಪ. ಉಳಿಗೆ ಜಾತಿ ಇಲ್ಲ. ಶಿವಣೆಯಲ್ಲಿ ಮಾಡಿದ ಗಣಪತಿಗೆ ಪರಿಮಳ ಇಲ್ಲದಿರಬಹುದು, ಕೈ ಮಾತ್ರ ಅದೇ. ಆದರೆ ಅಂಗಡಿಗೆ ಬಂದ ಗಿರಾಕಿಯ ಮೊದಲ ಪ್ರಶ್ನೆ ತಪ್ಪುವುದಿಲ್ಲ: "ಇದು ಗಂಧದ್ದೇ ಹೌದಾ?" ಅಲ್ಲ ಅಂದರೆ ಮುಖ ಸಣ್ಣದು. ಬೆಲೆ ಅರ್ಧಕ್ಕೆ ಕೇಳುತ್ತಾರೆ. ಕೆಲಸಕ್ಕೆ ಬೆಲೆಯೋ, ವಾಸನೆಗೆ ಬೆಲೆಯೋ?

ಚೌಕಿಮನೆಯ ಕನ್ನಡಿ ಚೂರು

ಹಾಗಾದರೆ ಇಷ್ಟು ವರ್ಷ ಒಲೆ ಉರಿದದ್ದು ಹೇಗೆ? ಇಲ್ಲಿಯೇ ಶಿರಸಿ, ಸಿದ್ದಾಪುರ, ಯಲ್ಲಾಪುರದ ಜನರ ಪಾತ್ರ ಬರುತ್ತದೆ.

ಮಂಚಿಕೇರಿಯಲ್ಲೋ ಕಾನಸೂರಿನಲ್ಲೋ ರಾತ್ರಿ ಆಟ ಇದೆಯೆನ್ನಿ. ರಂಗಕ್ಕೆ ಬಂದ ಕರ್ಣನ ಕಿರೀಟ ಫಳ್ಳೆಂದು ಹೊಳೆಯುತ್ತದೆ. ಅದು ಬಂಗಾರವಲ್ಲ, ಹಿತ್ತಾಳೆಯೂ ಅಲ್ಲ. ಹಗುರ ಮರ ಕೆತ್ತಿ, ಮೇಲೆ ಬೇಗಡೆ ಹಚ್ಚಿ, ಕನ್ನಡಿಯ ಚೂರು ಕೂರಿಸಿದ್ದು. ಭುಜಕೀರ್ತಿ, ಎದೆಕಟ್ಟು, ಕರ್ಣಪತ್ರ ಎಲ್ಲವೂ ಮರವೇ. ವೇಷಧಾರಿ ಗಂಟೆಗಟ್ಟಲೆ ಕುಣಿಯಬೇಕು, ದಿಗಣ ಹೊಡೆಯಬೇಕು. ತೂಕ ಹೆಚ್ಚಾದರೆ ಕುತ್ತಿಗೆ ನಿಲ್ಲದು, ಕೆತ್ತನೆ ತೆಳುವಾದರೆ ಮರ ಬಿರಿಯುತ್ತದೆ. ಈ ಹದ ಗೊತ್ತಿರುವುದು ಕೈಗೆ ಮಾತ್ರ. ಎದುರು ಕೂತು ಚಪ್ಪಾಳೆ ತಟ್ಟಿದವರಿಗೆ ಭಾಗವತರ ಹೆಸರು ಗೊತ್ತು, ವೇಷದವರ ಹೆಸರು ಗೊತ್ತು. ಕಿರೀಟ ಮಾಡಿದವರ ಹೆಸರು ಕೇಳಿದವರು ಎಷ್ಟು ಜನ?

ಇನ್ನು ಬೆಂಡು. ಕೆರೆ, ಜೌಗು ನೆಲದಲ್ಲಿ ಬೆಳೆಯುವ ಗಿಡ. ಸಿಪ್ಪೆ ತೆಗೆದರೆ ಒಳಗೆ ಹಾಲಿನಂಥ ಬಿಳಿ ತಿರುಳು. ಚೂಪಾದ ಕತ್ತಿಯಿಂದ ಕಾಗದದ ಹಾಗೆ ಸುಲಿದು ಹೂವು ಮಾಡುತ್ತಾರೆ, ಬಾಸಿಂಗ ಕಟ್ಟುತ್ತಾರೆ. ಈಗ ಪೇಟೆಯಲ್ಲಿ ಥರ್ಮೋಕೋಲ್ ಬಾಸಿಂಗವೂ ಸಿಗುತ್ತದೆ, ಅಗ್ಗಕ್ಕೆ. ಮಣ್ಣಿನಲ್ಲಿ ಕರಗುವ ಬೆಂಡು ನಮ್ಮ ಕೆರೆಯಂಚಿನಲ್ಲೇ ಇರುವಾಗ, ಎಷ್ಟು ವರ್ಷವಾದರೂ ಕೊಳೆಯದ ಥರ್ಮೋಕೋಲನ್ನು ದುಡ್ಡು ಕೊಟ್ಟು ತಂದು ಮಂಗಳ ಕಾರ್ಯಕ್ಕೆ ಕಟ್ಟುತ್ತೇವೆ! ಇದಕ್ಕೇನು ಹೇಳೋಣ?

ಚೌತಿ ಬಂತೆಂದರೆ ಮಣ್ಣಿನ ಗಣಪತಿ. ಅಚ್ಚಿನಲ್ಲಿ ಎರೆದ ಪ್ಲಾಸ್ಟರ್ ಗಣಪತಿಗಳು ಪೇಟೆಗೆ ನುಗ್ಗಿದ ವರ್ಷಗಳಲ್ಲಿ ಕೈಯಲ್ಲಿ ಮಾಡುವವರಿಗೆ ಪೆಟ್ಟು ಬಿತ್ತು. 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊಸ ಸೂಚನೆ ಹೊರಡಿಸಿ, ಮೂರ್ತಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಡ, ಥರ್ಮೋಕೋಲ್ ಬೇಡ, ಮಣ್ಣೇ ಇರಲಿ ಎಂದಿತು. ಗುಡಿಗಾರ ತಲೆತಲಾಂತರದಿಂದ ಮಾಡುತ್ತಾ ಬಂದದ್ದನ್ನೇ ದೆಹಲಿಯಿಂದ ಸುತ್ತೋಲೆ ಕಳಿಸಿ ಹೇಳಬೇಕಾಯಿತು ನೋಡಿ.

ಮರ ಅಪ್ಪಿದ ಊರಿನಲ್ಲಿ

ಮರದ ವಿಷಯದಲ್ಲಿ ಈ ಸೀಮೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ, ಕೊಡಲಿಗೆ ಅಡ್ಡ ನಿಂತು, ಮರ ಅಪ್ಪಿಕೊಂಡರು. ಅಪ್ಪಿಕೋ ಚಳುವಳಿ ಎಂದು ದೇಶದಲ್ಲೆಲ್ಲ ಹೆಸರಾಯಿತು. ಅದಾಗಿ ಎರಡೇ ವರ್ಷಕ್ಕೆ, 1985ರಲ್ಲಿ, ಶಿರಸಿಯಲ್ಲೇ ಅರಣ್ಯ ಕಾಲೇಜು ಆರಂಭವಾಯಿತು. ಅಷ್ಟೇಕೆ, ಎರಡು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಲಕ್ಷಾಂತರ ಜನರಿಂದ ಪೂಜೆಗೊಳ್ಳುವ ಶಿರಸಿಯ ಮಾರಿಕಾಂಬೆಯೇ ಮರದ ಮೂರ್ತಿ!

ಮರ ಉಳಿಸುವವರಿಗೂ ಮರ ಕೆತ್ತುವವರಿಗೂ ಜಗಳ ಅಂತ ಯಾರಾದರೂ ತಿಳಿದರೆ ಅದು ತಪ್ಪು. ಗುಡಿಗಾರನಿಗೆ ಬೇಕಾದ್ದು ಲಾರಿ ಲೋಡಿನ ಮರವಲ್ಲ. ಒಂದು ಕೊರಡಿನಲ್ಲಿ ತಿಂಗಳುಗಟ್ಟಲೆ ಕೂರುವವನು ಅವನು. ಕಾಡು ಬೋಳಾದರೆ ಮೊದಲು ಕೈ ಖಾಲಿಯಾಗುವುದೂ ಅವನದೇ. ಗಂಧ ಬೆಳೆಸುವ ಪಾಠ ಒಂದು ಕಡೆ, ಗಂಧ ಕೆತ್ತುವ ಕೈ ಇನ್ನೊಂದು ಕಡೆ. ನಡುವೆ ಒಂದು ಪೇಟೆ ಬೀದಿಯಷ್ಟೇ ಅಂತರ. ತೋಟದ ಅಂಚಿನಲ್ಲಿ, ಬೆಟ್ಟದ ಬದಿಯಲ್ಲಿ ಗಂಧ ಬೆಳೆಸುವ ರೈತನಿಗೂ ಊರಿನ ಗುಡಿಗಾರನಿಗೂ ಗಂಟು ಹಾಕಿ, ಬಲಿತ ಮರದ ಒಂದು ಪಾಲಾದರೂ ಇಲ್ಲಿಯ ಉಳಿಗೆ ಸಿಗಲಿ ಎಂದು ಮಾಡುವುದು ಆಗದ ಕೆಲಸವೇ?

ಸರಕಾರ ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. 1964ರಲ್ಲಿ ಹುಟ್ಟಿದ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ 'ಕಾವೇರಿ' ಮಳಿಗೆಗಳನ್ನು ತೆರೆದು ಈ ಮಾಲಿಗೆ ದೊಡ್ಡ ಪೇಟೆ ತೋರಿಸಿತು. 2023ರ ಸೆಪ್ಟೆಂಬರಿನಲ್ಲಿ ಕೇಂದ್ರದ ವಿಶ್ವಕರ್ಮ ಯೋಜನೆ ಬಂತು. ಹದಿನೆಂಟು ಕಸಬುಗಳ ಪಟ್ಟಿಯಲ್ಲಿ ಮೂರ್ತಿಕಾರ ಇದ್ದಾನೆ, ಬಡಗಿ ಇದ್ದಾನೆ. ತರಬೇತಿಗೆ ದಿನಕ್ಕೆ 500 ರೂಪಾಯಿ, ಹತಾರಗಳಿಗೆ 15,000 ರೂಪಾಯಿ, ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ, ಬಡ್ಡಿ ಶೇಕಡಾ 5. ಗೊತ್ತಿಲ್ಲದವರು ವಿಚಾರಿಸಿಕೊಳ್ಳುವುದು ಒಳ್ಳೆಯದು. ಉಳಿ ಕೊಳ್ಳಲು ಹಣವಾಯಿತು. ಆದರೆ ಉಳಿ ಊರಲು ಮರ? ಆ ಪ್ರಶ್ನೆ ಇದ್ದಲ್ಲೇ ಇದೆ.

ಗಿರಾಕಿಯ ಕೈಯಲ್ಲಿ

ಮರದ ಪ್ರಶ್ನೆ ಇಲಾಖೆಯದು, ಕಾಯಿದೆಯದು. ಅದು ಬಗೆಹರಿಯುವಾಗ ಬಗೆಹರಿಯಲಿ. ಅಲ್ಲಿಯ ತನಕ ಉಳಿ ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳುವುದು ಮೂರು ತಾಲೂಕಿನ ಗಿರಾಕಿಯ ಕೈಯಲ್ಲಿದೆ. ಇದು ಉಪದೇಶವಲ್ಲ, ಇತಿಹಾಸ. ಮಹಾರಾಜರ ಕರಂಡಕ ಹೋಯಿತು, ಸಾಹೇಬರ ಬೀಸಣಿಗೆ ಹೋಯಿತು, ದಂತದ ಡಬ್ಬಿ ಹೋಯಿತು. ಕೊನೆಗೆ ಕಸಬನ್ನು ಹಿಡಿದು ನಿಲ್ಲಿಸಿದ್ದು ಊರಿನವರ ಬಾಸಿಂಗ, ಊರಿನವರ ಗಣಪತಿ, ಊರಿನವರ ಕಿರೀಟ.

ಅಂಗಡಿಕಾರರಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಗಾಜಿನ ಕಪಾಟಿನಲ್ಲಿ ಹೊರಊರಿನ ಅಚ್ಚಿನ ಗೊಂಬೆ ಸಾಲಾಗಿ ಇಟ್ಟವರು, ಪಕ್ಕದಲ್ಲಿ ಶಿವಣೆಯ ಒಂದು ಕೆತ್ತನೆ ಇಟ್ಟು, ಮಾಡಿದವರ ಹೆಸರು, ಊರು ಒಂದು ಚೀಟಿಯಲ್ಲಿ ಬರೆದಿಟ್ಟರೆ ಖರ್ಚೇನು? ಜಲಪಾತ ನೋಡಲು, ಸಹಸ್ರಲಿಂಗ ನೋಡಲು, ಬನವಾಸಿ ನೋಡಲು ಬರುವವರು ಈ ಪೇಟೆ ದಾಟಿಯೇ ಹೋಗುತ್ತಾರೆ. "ಗಂಧದ್ದಲ್ಲ, ಆದ್ರೆ ಗುಡಿಗಾರರ ಕೈಯದ್ದು" ಅಂತ ಧೈರ್ಯವಾಗಿ ಹೇಳಿ ಮಾರುವ ಅಂಗಡಿ ನಾಲ್ಕು ಇದ್ದರೆ, ಕಲಿಯಲು ಕೂರುವ ಹುಡುಗರು ಇನ್ನೂ ನಾಲ್ಕು ಹೆಚ್ಚಾದಾರು. ತಪ್ಪು ಮಾಡಿ ಕಲಿಯಲು ಶಿವಣೆ ಇದೆ, ಹಲಸು ಇದೆ. ಗಂಧ ಬಲಿತು ಬರುವ ದಿನಕ್ಕೆ ಪಳಗಿದ ಕೈ ಇರಬೇಕಷ್ಟೆ. ಇಲ್ಲವಾದರೆ ನಾಳೆ ಮರ ಇರುತ್ತದೆ, ಕೈ ಇರುವುದಿಲ್ಲ. ಆಗ ಈ ಕಥೆಯ ತಲೆಬರಹವನ್ನೇ ತಿರುಗಿಸಿ ಬರೆಯಬೇಕಾದೀತು!

ಗಂಧದ ಗಿಡ ಬೆಳೆಸಿದವರಿಗೆ ಒಂದು ಸಂಗತಿ ಗೊತ್ತು. ಅದನ್ನು ಒಂಟಿಯಾಗಿ ನೆಟ್ಟರೆ ಏಳುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಗಿಡ ಬೇಕು. ಅದರ ಬೇರಿಗೆ ತನ್ನ ಬೇರು ಕಚ್ಚಿಸಿ, ಅದರಿಂದ ಒಂದಿಷ್ಟು ಸಾರ ಎಳೆದುಕೊಂಡೇ ಗಂಧ ಮೇಲೆ ಬರುವುದು. ಗುಡಿಗಾರರ ಕಸಬೂ ಹಾಗೆಯೇ. ಅಕ್ಕಪಕ್ಕದವರು ಇದ್ದರೆ ಅದು ಇದೆ.

ಮುಂದಿನ ಸಲ ಬಸ್ಸಿನಲ್ಲಿ ಯಾರಾದರೂ ರಟ್ಟಿನ ಡಬ್ಬಿ ಎದೆಗೆ ಒತ್ತಿಕೊಂಡು ಹತ್ತಿದರೆ ಜಾಗ ಬಿಟ್ಟುಕೊಡಿ. ಅದು ಬೆಂಡಿನದೋ ಥರ್ಮೋಕೋಲಿನದೋ ಎಂದು ಒಂದು ಮಾತು ಕೇಳಿಯೂ ನೋಡಿ. ಬೆಂಡಿನದಾದರೆ, ಕಟ್ಟಿದವರು ಯಾರೆಂದು ಹೆಸರು ಕೇಳಿ ಇಟ್ಟುಕೊಳ್ಳಿ. ಮನೆಯಲ್ಲಿ ಮದುವೆ ಬಂದಾಗ ಉಪಯೋಗಕ್ಕೆ ಬಂದೀತು.